ಚೂರಕ್ಕ ಜೋಡಿಸಿದ ಮುಖ

ಬೇರೆ ಊರುಗಳಿಗೆ ಹೋದವರು ಬುರುಜು, ಗೋಪುರ ಎಂದು ತಲೆ ಎತ್ತಿ ನೋಡುತ್ತಾರೆ. ಈ ಊರಿಗೆ ಬಂದವರು ಮಾತ್ರ ತಲೆ ತಗ್ಗಿಸಬೇಕು. ಬಂದರಿನ ಹಿಂದಿರುವ ಹಳೆಯ ಸುಂಕದ ಮಹಲಿನಲ್ಲಿ ನೋಡಲು ಇರುವುದೆಲ್ಲ ನೆಲದ ಮೇಲೆಯೇ. ಉಗುರಿನಷ್ಟಗಲದ ಕಲ್ಲಿನ ಚೂರುಗಳನ್ನು ಒತ್ತೊತ್ತಾಗಿ ಕೂರಿಸಿ ಮಾಡಿದ ಮೀನು, ಏಡಿ, ಹಾಯಿಹಡಗು. ಒಂದು ಮೂಲೆಯಲ್ಲಿ ಹಡಗಿನಿಂದ ಬಿದ್ದವನನ್ನು ನೋಡಿ ನಗುತ್ತಿರುವ ಆಮೆ. ಮಾಡಿಸಿದವನ ಹೆಸರನ್ನು ಬಾಗಿಲಲ್ಲೇ ದೊಡ್ಡದಾಗಿ ಕೆತ್ತಿದ್ದಾರೆ. ಮಾಡಿದವರ ಹೆಸರು ಎಲ್ಲೂ ಇಲ್ಲ. ಚಪ್ಪಲಿಗೆ ಬಟ್ಟೆಯ ಚೀಲ ಕಟ್ಟಿಕೊಂಡು ಜನ ಅದರ ಮೇಲೆ ಮೆಲ್ಲಗೆ ನಡೆಯುತ್ತಾರೆ, ಅಬ್ಬಬ್ಬಾ ಎನ್ನುತ್ತಾರೆ, ಆಮೇಲೆ ಗಾಳಿ ಬೇಕೆಂದು ಕಡಲ ಕಡೆಗೆ ಓಡುತ್ತಾರೆ.

ಕಡಲ ಕಡೆ ನೋಡುವುದಕ್ಕೂ ಕಡಿಮೆಯೇನಿಲ್ಲ. ದೀಪಸ್ತಂಭ ಹತ್ತಬಹುದು, ಗಾಜಿನ ತಳದ ದೋಣಿಯಲ್ಲಿ ಕೂತು ಕೆಳಗಿನ ಮೀನು ನೋಡಬಹುದು, ಬಂಡೆಗಳ ನಡುವೆ ನಿಂತ ನೀರಿನಲ್ಲಿ ಮಕ್ಕಳನ್ನು ಆಡಲು ಬಿಡಬಹುದು. ದಂಡೆಯುದ್ದಕ್ಕೂ ಅಲೆ ತಡೆಯಲು ಕಟ್ಟಿದ ಗೋಡೆ ಇದೆ. ಅದರ ಒಳಮೈಗೂ ಇಂಥವೇ ಚೂರುಚಿತ್ರಗಳು. ಮಹಲಿನ ನೆಲದಷ್ಟು ಹಳೆಯವಲ್ಲ, ಆದರೆ ಜನ ಮುಗಿಬಿದ್ದು ಫೋಟೊ ತೆಗೆಸಿಕೊಳ್ಳುವುದು ಇಲ್ಲೇ. ಊರಿನವರಿಗೆ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಅವರು ಅದೇ ಗೋಡೆಗೆ ಬೆನ್ನು ಕೊಟ್ಟು ಕೂತು ಹರಟೆ ಹೊಡೆಯುತ್ತಾರೆ. ಆ ಗೋಡೆಯಲ್ಲಿ ಬಲೆ ಹೆಣೆಯುತ್ತ ಕೂತ ಒಬ್ಬ ಗಂಡಸಿದ್ದಾನೆ. ನೇರವಾಗಿ ನಮ್ಮನ್ನೇ ನೋಡುತ್ತಾನೆ. ಒಂದು ಹುಬ್ಬು ನಡುವೆ ತುಂಡಾಗಿದೆ, ಆ ಕಡೆಯ ಕಣ್ಣು ಕೊಂಚ ಸಣ್ಣದು. ಅವನನ್ನು ಅಲ್ಲಿ ಕೂರಿಸಿದವಳು ಚೂರಕ್ಕ. ಈ ಕತೆ ಅವಳದು.

ಚೂರಕ್ಕ ಎನ್ನುವುದು ತಾಯಿ ಇಟ್ಟ ಹೆಸರಲ್ಲವೆಂದು ಬೇರೆ ಹೇಳಬೇಕಿಲ್ಲ. ತಾಯಿ ಇಟ್ಟ ಹೆಸರು ತಾಯಿಯ ಜೊತೆಗೇ ಹೋಯಿತು. ಹಡಗುಕಟ್ಟೆಯ ಪಕ್ಕದ ಉದ್ದನೆಯ ಶೆಡ್ಡಿನಲ್ಲಿ ಮೇಸ್ತ್ರಿ ಎಂಬ ಒಬ್ಬ ದಢೂತಿ ಮುದುಕ ಚೂರುಚಿತ್ರದ ಕೆಲಸ ನಡೆಸುತ್ತಿದ್ದ. ಮಹಲಿನ ನೆಲದಲ್ಲಿ ಎಲ್ಲಿ ಚೂರು ಎದ್ದರೂ ಅವನ ಕಡೆಯವರೇ ಹೋಗಿ ಕೂರಿಸಬೇಕು. ತಾಯಿ ಸತ್ತ ವರ್ಷ ಹುಡುಗಿ ಅಲ್ಲಿಗೆ ಚೂರುಗಳನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸಕ್ಕೆ ಸೇರಿದಳು. ಬೂದು ಎಂದರೆ ಒಂದು ಬೂದು ಅಲ್ಲ. ಪಾರಿವಾಳದ ಬೂದು, ಬೂದಿಯ ಬೂದು, ಮಳೆ ಬರುವ ಮುಂಚಿನ ಬೂದು. ಡಬ್ಬ ಬೆರೆಸಿದರೆ ಮೇಸ್ತ್ರಿ ಬೈಯುತ್ತಿರಲಿಲ್ಲ, ಡಬ್ಬವನ್ನೇ ನೆಲಕ್ಕೆ ಸುರಿದು ಮತ್ತೆ ಆರಿಸು ಎನ್ನುತ್ತಿದ್ದ. ಅದಕ್ಕಿಂತ ಬೈದಿದ್ದರೇ ವಾಸಿ. ಹೆಂಗಸರು ಆರಿಸುವುದು, ಗಂಡಸರು ಕೂರಿಸುವುದು ಎಂಬುದು ಆ ಶೆಡ್ಡಿನ ಪದ್ಧತಿ. ಇವಳು ಆರಿಸುತ್ತ ಆರಿಸುತ್ತ ಪಕ್ಕದವರು ಚೂರು ಕೂರಿಸುತ್ತಿದ್ದ ಹಾಳೆಗೆ ಕೈ ಹಾಕಿ ಎರಡು ಚೂರು ಸರಿಪಡಿಸುವಳು. ಹೀಗೆ ಕೈ ಹಾಕಿ ಹಾಕಿ ಒಂದು ದಿನ ಮೇಸ್ತ್ರಿಯೇ, “ಮಾರಾಯ್ತಿ, ನಿಂಗೊಂದು ಹಾಳೆ ಕೊಡ್ತೀನಿ, ಊರಿನವರ ಹಾಳೆ ಬಿಟ್ಬಿಡು,” ಎಂದ.

ಇಲ್ಲಿ ಅವರ ಕೆಲಸದ ರೀತಿಯನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ಆಗಬಾರದ್ದು ಆದದ್ದು ಅದರಿಂದಲೇ. ಮಹಲಿನ ನೆಲವನ್ನು ಮಾಡಿದವರು ಹಸಿ ಗಾರೆಯ ಮೇಲೆ ನೇರವಾಗಿ ಚೂರು ಒತ್ತಿದ್ದರು. ಗೋಡೆಗೆ ಹಾಗೆ ಆಗುವುದಿಲ್ಲ. ಕಡಲ ಗಾಳಿಗೆ ಗಾರೆ ಬೇಗ ಬಿಗಿಯುತ್ತದೆ. ಆದ್ದರಿಂದ ಶೆಡ್ಡಿನೊಳಗೆ ಮೇಜಿನ ಮೇಲೆ ದಪ್ಪ ಹಾಳೆ ಹಾಸಿ, ಚಿತ್ರವನ್ನು ಅದರ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಬರೆದು, ಚೂರುಗಳನ್ನು ಹಿಟ್ಟಿನ ಅಂಟಿನಿಂದ ಬೋರಲಾಗಿ ಹಚ್ಚುತ್ತ ಹೋಗಬೇಕು. ಚೂರಿನ ಮುಖ ಹಾಳೆಗೆ, ಬೆನ್ನು ನಮಗೆ. ಎಲ್ಲ ಮುಗಿದ ಮೇಲೆ ಹಾಳೆಯನ್ನು ಎತ್ತಿ ಗೋಡೆಯ ಹಸಿ ಗಾರೆಗೆ ಒತ್ತಿ, ನೀರು ಹಚ್ಚಿ ಕಾಗದ ಸುಲಿದರೆ ಚಿತ್ರ ಮೊದಲ ಸಲ ಮುಖ ತೋರಿಸುತ್ತದೆ. ಅಲ್ಲಿಯವರೆಗೆ ಮಾಡಿದವರೂ ಅದನ್ನು ಹಿಂದಿನಿಂದಲೇ ನೋಡಿರುತ್ತಾರೆ. ಹೊಸಬರು ಬಂದ ದಿನ ಮೇಸ್ತ್ರಿ ಅವರ ಎರಡೂ ಕಿವಿ ಹಿಡಿದು, “ಎಡ ಅಂದ್ರೆ ಬಲ, ಬಲ ಅಂದ್ರೆ ಎಡ. ಉಣ್ಣೋವಾಗ ಬಿಟ್ಟು ಬಾಕಿ ಎಲ್ಲಾ ಹೊತ್ತೂ ಇದನ್ನ ನೆನಪಿಟ್ಕೋ,” ಎನ್ನುತ್ತಿದ್ದ.

ಅವಳ ಮೇಜಿನ ಆಚೆ ಬದಿಗೆ ಎದುರಾಗಿ ಒಬ್ಬ ಹುಡುಗ ಕೂರುತ್ತಿದ್ದ. ಮಾತು ಕಡಿಮೆ, ಸಿಳ್ಳೆ ಜಾಸ್ತಿ. ಚೂರು ಒಡೆಯುವುದಕ್ಕೆ ಮರದ ದಿಮ್ಮಿಯಲ್ಲಿ ನೆಟ್ಟ ಉಳಿಯ ಮೇಲೆ ಕಲ್ಲಿಟ್ಟು ಸುತ್ತಿಗೆಯಿಂದ ತಟ್ಟಬೇಕು. ತಟ್ಟುವ ಏಟು ಮೆತ್ತಗಿರಬೇಕು. ಅವಳಿಗೆ ಆಗಿನ್ನೂ ಕೈ ಪಳಗಿರಲಿಲ್ಲ. ಒಂದು ಏಟಿಗೆ ಕಪ್ಪು ಕಲ್ಲಿನ ಚಕ್ಕೆಯೊಂದು ಹಾರಿ ನೆಟ್ಟಗೆ ಅವನ ಎಡಹುಬ್ಬಿಗೆ ಬಡಿಯಿತು. ಮುಖವೆಲ್ಲ ರಕ್ತ. ಕಣ್ಣು ಉಳಿದದ್ದೇ ಪುಣ್ಯ. ಗಾಯ ಮಾಯಿತು, ಆದರೆ ಹುಬ್ಬಿನ ನಡುವೆ ಕೂದಲು ಮತ್ತೆ ಬರಲಿಲ್ಲ, ರೆಪ್ಪೆ ಒಂದು ಚೂರು ಇಳಿದೇ ಹೋಯಿತು. ಇವಳು ದಿನಾ ಎದುರು ಕೂತು ತಾನು ಮಾಡಿದ ಗಾಯವನ್ನೇ ನೋಡಿ ನೋಡಿ ಅಳುಮೋರೆ ಮಾಡಿಕೊಳ್ಳುವಳು. ಅವನು ಸಿಳ್ಳೆ ನಿಲ್ಲಿಸಿ, “ಹಿಂಗೇ ನೋಡ್ತಾ ಇರೋದಾದ್ರೆ ಮನೇಗೇ ಬಂದು ನೋಡು. ಮುಖ ಕೆಡಿಸಿದವಳು ನೀನು, ಇನ್ಯಾರು ನಂಗೆ ಹೆಣ್ಣು ಕೊಡ್ತಾರೆ?” ಎಂದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಈ ಮದುವೆಗೆ ಒಂದು ಚಕ್ಕೆ ಸಾಕಾಯಿತು.

ಹಗ್ಗದಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಸಂಸಾರ. ಅವನ ತಾಯಿಯೂ ಅಲ್ಲೇ. ಮರದ ಮೆಟ್ಟಿಲು, ಕಿಟಕಿಯಲ್ಲಿ ಕಡಲಿನ ಒಂದು ತುಂಡು, ನಾರಿನ ವಾಸನೆ. ಅತ್ತೆ ಬಾಯಿ ಜೋರಿನ ಹೆಂಗಸು. ಮಗನ ಹುಬ್ಬಿನ ವಿಷಯದಲ್ಲಿ ಸೊಸೆಯನ್ನು ಎಂದೂ ಬಿಡಲಿಲ್ಲ. “ಮುದ್ದಾಗಿದ್ದ ಹುಡುಗ. ಕಲ್ಲು ಹೊಡೆದು ಗಂಡನ್ನ ಸಂಪಾದಿಸಿದವಳು ನೀನೊಬ್ಬಳೇ ಕಣೇ,” ಎಂದು ಬಂದವರೆದುರಿಗೆಲ್ಲ ಹೇಳುವಳು. ಹೇಳುವಾಗ ನಗುವಳು. ಬಯ್ಯುತ್ತಲೇ ಸೊಸೆಗೆ ಬಿಸಿನೀರು ಕಾಯಿಸಿಡುವಳು. ಮಗಳು ಹುಟ್ಟಿದ ಮೇಲೆ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ಯಾರಿಗೂ ಇಕ್ಕಟ್ಟೆನಿಸಲಿಲ್ಲ. ಚೂರಕ್ಕನ ಬದುಕಿನಲ್ಲಿ ಸುಖ ಎನ್ನುವುದು ಇದ್ದರೆ ಆ ಕೆಲವು ವರ್ಷಗಳೇ.

ಕಪ್ಪು ಚೂರಿಗೆ ಅವರು ಕಲ್ಲು ಕೊಳ್ಳುತ್ತಿರಲಿಲ್ಲ. ದೊಡ್ಡ ಗಾಳಿ ಎದ್ದು ಇಳಿದ ಮೇಲೆ ದೀಪಸ್ತಂಭದ ಕೆಳಗಿನ ಬಂಡೆಗಳ ಸಂದಿಯಲ್ಲಿ ಕಡಲು ಒಳ್ಳೆಯ ಕಪ್ಪು ಕಲ್ಲುಗಳನ್ನು ತಂದು ಹಾಕುತ್ತದೆ. ಮೀನಿನ ಬೆನ್ನಿಗೆ, ಮನುಷ್ಯರ ಕೂದಲಿಗೆ ಅದರಷ್ಟು ಚೆನ್ನಾದ ಕಪ್ಪು ಇನ್ನೊಂದಿಲ್ಲ. ಮಗಳು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಕಾಲ. ಗಾಳಿ ಇಳಿದ ಬೆಳಿಗ್ಗೆ ಶೆಡ್ಡಿನ ಗಂಡಸರು ಬುಟ್ಟಿ ಹಿಡಿದು ಹೋದರು. ಇಳಿದಂತೆ ಕಂಡ ಕಡಲು ಇಳಿದಿರಲಿಲ್ಲ. ಒಂದು ಅಲೆ ಬಂಡೆಯ ನೆತ್ತಿಯವರೆಗೆ ಬಂದು ಹೋಯಿತು. ಉಳಿದವರು ಕಣ್ಣೊರೆಸಿಕೊಂಡು ನೋಡಿದಾಗ ಅವನಿದ್ದ ಜಾಗದಲ್ಲಿ ಅವನಿರಲಿಲ್ಲ. ಬುಟ್ಟಿ ಸಿಕ್ಕಿತು, ಅವನು ಸಿಗಲಿಲ್ಲ. ದೋಣಿಯವರು ಹುಡುಕಿದರು, ಆಚೆ ಊರಿನವರಿಗೂ ಹೇಳಿ ಕಳಿಸಿದರು. ಕಡಲು ಸಾಮಾನ್ಯವಾಗಿ ಹೆಣ ಇಟ್ಟುಕೊಳ್ಳುವುದಿಲ್ಲ ಎನ್ನುತ್ತಾರೆ. ಅವನನ್ನು ಇಟ್ಟುಕೊಂಡಿತು.

ಮನೆಯಲ್ಲಿ ಅವನ ಫೋಟೊ ಇರಲಿಲ್ಲವೆಂದಲ್ಲ; ಮದುವೆಯದು ಒಂದಿತ್ತು. ಉಪ್ಪುಗಾಳಿಗೆ ಗಾಜಿನೊಳಗೇ ಬೂಸು ಹಿಡಿದು, ಗಂಡು ಹೆಣ್ಣು ಇಬ್ಬರ ಕುತ್ತಿಗೆಯ ಮೇಲೂ ಕಂದು ಮೋಡ ಕವಿದಿತ್ತು. ಇರುವಾಗ ಅದನ್ನು ನೋಡಿ ನಕ್ಕಿದ್ದರು. ಈಗ ಚೂರಕ್ಕ ಅದನ್ನು ಒರೆಸಲು ಹೋದಳು, ಒರೆಸಿದಲ್ಲೆಲ್ಲ ಚಿತ್ರವೇ ಎದ್ದು ಬಂತು.

ಮುಂದಿನ ವರ್ಷ ಕಡಲಗೋಡೆಯ ಕೆಲಸ ಬಂತು. ದೋಣಿ, ಬಲೆ, ದಂಡೆಯ ಹೆಂಗಸರು, ದೂರದಲ್ಲಿ ದೀಪಸ್ತಂಭ. ಎಲ್ಲವನ್ನೂ ಮೇಸ್ತ್ರಿ ಬರೆದು, ತಿರುಗಿಸಿ, ಹಾಳೆಗೆ ಇಳಿಸಿ ಕೊಟ್ಟ. ಬಲೆ ಹೆಣೆಯುವವನ ಮೈ ಬರೆದಿದ್ದ, ಮುಖದ ಜಾಗ ಖಾಲಿ ಬಿಟ್ಟಿದ್ದ. “ಇದನ್ನ ನೀನೇ ಮಾಡು. ನಂಗೆ ಗೆರೆ ಬರಲ್ಲ,” ಎಂದು ಹೇಳಿ ಆಚೆ ಹೋಗಿ ಮೂಗು ಒರೆಸಿಕೊಂಡ.

ಅವಳೂ ಗೆರೆ ಬರೆಯಲಿಲ್ಲ. ಗೆರೆ ಯಾಕೆ? ಕಣ್ಣು ಮುಚ್ಚಿದರೆ ಮೇಜಿನ ಆಚೆ ಬದಿಗೆ ಅವನೇ ಕೂತಿದ್ದ. ನೋಡಿ ನೋಡಿ ಇಟ್ಟಳು. ಹಣೆಗೆ ಗೋಧಿ ಬಣ್ಣ, ಕೆನ್ನೆಗೆ ಮಾಸಿದ ಇಟ್ಟಿಗೆ, ಮೀಸೆಗೆ ಅದೇ ಬಂಡೆಯ ಕಪ್ಪು. ಹುಬ್ಬಿನ ನಡುವೆ ಒಂದೇ ಒಂದು ಬಿಳಿಚಿದ ಚೂರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರೂ ಅವಳು ಏಳುತ್ತಿರಲಿಲ್ಲ. ಒಂದು ಚೂರು ಸರಿ ಬೀಳದಿದ್ದರೆ ಬೆರಳಲ್ಲಿ ಹಿಡಿದು ಬಾಯಿಯಿಂದ ಊದಿ ಮತ್ತೆ ಇಡುವಳು. ಹಾಳೆಯ ಮೇಲೆ ಅವನು ದಿನದಿನಕ್ಕೂ ತುಂಬಿಕೊಂಡ. ಅವಳಿಗೆ ಅಷ್ಟು ತಿಂಗಳ ಮೇಲೆ ಹೊಟ್ಟೆ ತುಂಬ ಉಂಡ ಹಾಗಿತ್ತು. ಮೇಸ್ತ್ರಿಯೂ ಬಂದು ನೋಡಿ, “ಅವನೇ,” ಎಂದ.

ಅವನೇ ಹೌದು. ಅದೇ ತಪ್ಪು. ಹಾಳೆಯ ಮೇಲೆ ಬೋರಲು ಬಿದ್ದ ಚಿತ್ರ ಎಂದೂ ಅವನ ಹಾಗೆ ಕಾಣಬಾರದಿತ್ತು. ಎಡ ಎಂದರೆ ಬಲ ಎಂದು ಕಿವಿ ಹಿಂಡಿಸಿಕೊಂಡು ಕಲಿತವಳು, ಸಾವಿರ ಮೀನು, ನೂರು ಹಡಗು ತಿರುಗಿಸಿ ಕೂರಿಸಿದವಳು, ಗಂಡನ ಮುಖವನ್ನು ಮಾತ್ರ ಎದುರು ಕೂತು ನೋಡಿದ ಹಾಗೆಯೇ ಕೂರಿಸಿಬಿಟ್ಟಳು. ಬೇರೆ ಕಸುಬಿನವರು ಬೇಕೆಂದರೂ ಮಾಡಲಾರದ ತಪ್ಪು ಇದು. ಪ್ರೀತಿ ಕಣ್ಣಿಗೆ ಪೊರೆ ತರುತ್ತದೆ ಎನ್ನುವವರು ಇಂಥದ್ದನ್ನು ನೋಡಿಯೇ ಹೇಳಿರಬೇಕು.

ಕಾಗದ ಸುಲಿಯುವ ದಿನ ಅತ್ತೆ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಮೇಸ್ತ್ರಿ ಒದ್ದೆ ಬಟ್ಟೆಯಿಂದ ಕಾಗದ ನೆನೆಸಿ ಮೂಲೆಯಿಂದ ಎಳೆದ. ದೋಣಿ ಬಂತು, ಬಲೆ ಬಂತು, ಕೈ ಬಂತು, ಕೊನೆಗೆ ಮುಖ. ಜನ ಚಪ್ಪಾಳೆ ತಟ್ಟಿದರು. ಚೂರಕ್ಕ ಹತ್ತಿರ ಹೋಗಿ ನೋಡಿದಳು. ಅವನ ಹಣೆ, ಅವನ ಮೀಸೆ, ಅವನ ಹುಬ್ಬೇ. ಆದರೂ ಅವನ ದೂರದ ನೆಂಟನೊಬ್ಬ ಬಂದು ನಿಂತ ಹಾಗಿತ್ತು. ಯಾಕೆಂದು ಅವಳಿಗೆ ಹೊಳೆಯುವ ಮೊದಲೇ ಅತ್ತೆಗೆ ಹೊಳೆಯಿತು.

“ಇವನ್ಯಾರೇ?” ಎಂದಳು ಅತ್ತೆ. ತನ್ನ ಎಡಹುಬ್ಬನ್ನು ಮುಟ್ಟಿ ತೋರಿಸಿ, “ನನ್ನ ಮಗಂಗೆ ನೀನು ಹೊಡೆದಿದ್ದು ಈ ಕಡೆ. ಹೊಡೆದವಳಿಗೇ ನೆನಪಿಲ್ವಾ?” ಎಂದಳು. ಬಾಯಿ ಜೋರಿನ ಹೆಂಗಸು ಆ ಮಾತನ್ನು ಪಿಸುಗುಟ್ಟುವಷ್ಟು ಮೆಲ್ಲಗೆ ಹೇಳಿದಳು. ಮೊಮ್ಮಗಳನ್ನು ಸೊಸೆಯ ಕೈಗಿತ್ತು ಮನೆಗೆ ನಡೆದಳು. ಆಮೇಲೆ ಬದುಕಿರುವವರೆಗೂ ಆ ಗೋಡೆಯ ಕಡೆ ಕಾಲಿಡಲಿಲ್ಲ.

ಮೇಸ್ತ್ರಿ, “ಗಾರೆ ಇನ್ನೂ ಹಸಿ ಇದೆ. ಮುಖ ಒಂದನ್ನ ಒಡೆದು ತೆಗೆಯೋಣ, ಇನ್ನೊಂದು ಮಾಡು,” ಎಂದ. ಅವಳು ಉಳಿ ಹಿಡಿದು ಏಣಿ ಹತ್ತಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಉಳಿಯ ತುದಿಯನ್ನು ಹಣೆಗೆ ಇಟ್ಟಳು, ಸುತ್ತಿಗೆ ಎತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ಇಳಿದು ಬಂದು ಸುತ್ತಿಗೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟು, “ಒಂದ್ಸಲ ಹೊಡೆದಿದ್ದೀನಿ. ಇನ್ನೊಂದ್ಸಲ ಆಗಲ್ಲ,” ಎಂದಳು. ಬೇರೆಯವರು ಒಡೆಯಲಿ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ಗಾರೆ ಬಿಗಿಯಿತು.

ಮಗಳು ಆ ಗೋಡೆಯ ಮುಂದೆಯೇ ಬೆಳೆದಳು. ಮಾತು ಬಂದ ಮೇಲೆ ಮೊದಲು ಕೇಳಿದ್ದು, “ಅಪ್ಪ ಯಾಕೆ ಇಳಿದು ಬರಲ್ಲ?” ಎಂದು. ಕೈಗೆಟಕುವವರೆಗೆ ಬಲೆಯನ್ನು ಮುಟ್ಟಿದಳು, ಬೆಳೆದಂತೆ ಕೈ, ತೋಳು, ಭುಜ. ಕೆನ್ನೆ ಮುಟ್ಟಿದ ದಿನ ಓಡಿ ಬಂದು ಶೆಡ್ಡಿನಲ್ಲಿದ್ದವರಿಗೆಲ್ಲ ಹೇಳಿದಳು. ಶಾಲೆಯಲ್ಲಿ ಜಗಳವಾದರೆ ಅಲ್ಲಿಗೆ, ಜ್ವರ ಬಿಟ್ಟರೆ ಅಲ್ಲಿಗೆ. ಗೆಳತಿಯರನ್ನು ಕರೆದುಕೊಂಡು ಹೋಗಿ, “ನಮ್ಮಪ್ಪ,” ಎಂದು ತೋರಿಸುವಳು. ತುಂಡಾದ ಹುಬ್ಬನ್ನು ಬೆರಳಿನಿಂದ ಅಣಕಿಸುತ್ತ ತನ್ನ ಬಲಹುಬ್ಬಿನ ನಡುವೆ ಗೆರೆ ಎಳೆದುಕೊಳ್ಳುವಳು. ಚೂರಕ್ಕ ನೋಡುತ್ತ ನಿಲ್ಲುವಳು, ‘ಈ ಕಡೆ ಅಲ್ಲಮ್ಮ’ ಎಂಬ ಮಾತನ್ನು ಪ್ರತಿ ಸಲವೂ ನುಂಗಿಕೊಳ್ಳುವಳು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಮಗಳು ದೊಡ್ಡವಳಾದಳು, ದೀಪಸ್ತಂಭದ ಟಿಕೆಟ್ ಕಿಟಕಿಯಲ್ಲಿ ಕೆಲಸ ಹಿಡಿದಳು, ಮದುವೆಯಾಗಿ ಪಕ್ಕದ ಬೀದಿಗೆ ಹೋದಳು.

ಇನ್ನು ಗೈಡುಗಳ ಕತೆ ಬೇರೆ. ನೋಡಲು ಬರುವವರು ಹೆಚ್ಚಿದಂತೆ ಕತೆ ಹೇಳುವವರೂ ಹೆಚ್ಚಿದರು. ಕೆಂಪು ಕೊಡೆಯ ಗೈಡೊಬ್ಬ ಬಲೆಯವನ ಮುಂದೆ ಗುಂಪು ನಿಲ್ಲಿಸಿ, “ನೋಡಿ ಸ್ವಾಮಿ, ಇವನು ಕಡಲುಗಳ್ಳ. ಕತ್ತಿವರಸೆಯಲ್ಲಿ ಹುಬ್ಬು ಹೋಯ್ತು, ಆಮೇಲೆ ಮನಸ್ಸು ಬದಲಾಗಿ ಬಲೆ ಹಿಡಿದ,” ಎಂದು ಬಿಡುತ್ತಿದ್ದ. ಸುಳ್ಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಒಂದು ದಿನ ಚೂರಕ್ಕನಿಗೆ ತಡೆಯಲಿಲ್ಲ. ಗುಂಪು ಹೋಗುವವರೆಗೆ ಕಾದು, “ಅವನು ನನ್ನ ಗಂಡ. ಚೂರು ಕೂರಿಸೋ ಕೆಲಸದವನು,” ಎಂದಳು.

ಗೈಡು ಕೊಡೆ ಮಡಚಿದ. ನಿಜವಾಗಿ ನಾಚಿಕೊಂಡ. “ತಪ್ಪಾಯ್ತಕ್ಕ. ಆದ್ರೆ ಚೂರು ಕೂರಿಸೋನು ಅಂದ್ರೆ ಯಾರು ನಿಂತು ಕೇಳ್ತಾರೆ, ನೀವೇ ಹೇಳಿ?” ಎಂದ. ಆಮೇಲೆ ಪಾಪ, ಮರ್ಯಾದೆಗೆ ಅವನನ್ನು ಕಳ್ಳತನದಿಂದ ಬಿಡಿಸಿ ಹಡಗಿನ ಕಪ್ತಾನನನ್ನಾಗಿ ಮಾಡಿದ. ಅತ್ತೆಗೆ ಹೇಳಿದ್ದರೆ ನಗುತ್ತಿದ್ದಳೋ ಏನೋ. ಆದರೆ ಗೋಡೆಯ ಮಾತು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅತ್ತೆ ಹಾಸಿಗೆ ಹಿಡಿದ ಮೇಲೆ ಒಂದೇ ಸಲ ಎತ್ತಿದಳು. ಸೊಸೆ ಗಂಜಿ ಕುಡಿಸುತ್ತಿದ್ದಳು. ಅತ್ತೆ ಚಮಚವನ್ನು ಕೈಯಿಂದ ತಡೆದು, “ನಂಗೆ ಹೋಗೋಕೆ ಭಯ ಇಲ್ಲ ಕಣೇ. ಆದ್ರೆ ಅವನನ್ನ ಹಂಗೇ ಬಿಟ್ಟು ಹೋಗ್ತಾ ಇದ್ದೀನಿ. ಎಂದಾದ್ರೂ ಸರಿ ಮಾಡ್ತೀಯಾ?” ಎಂದಳು. ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಬಾಳಿದ ಮೇಲೆ ಅತ್ತೆ ಬೇರೆ, ತಾಯಿ ಬೇರೆ ಎನ್ನುವ ಹಾಗಿರಲಿಲ್ಲ. “ಮಾಡ್ತೀನಿ ಅತ್ತೆ,” ಎಂದಳು ಚೂರಕ್ಕ. ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಅತ್ತೆ ಉಳಿದ ಗಂಜಿ ಕುಡಿದಳು, ಅದೇ ವಾರ ಹೋದಳು.

ಮೇಸ್ತ್ರಿಯೂ ಹೋದ ಮೇಲೆ ಶೆಡ್ಡು ಚೂರಕ್ಕನ ಕೈಗೆ ಬಂದಿತ್ತು. ಅವಳ ತಲೆ ನೆರೆತ ಕಾಲಕ್ಕೆ ಗೋಡೆಗೆ ಕೇಡು ಬಂತು. ಉಪ್ಪು ಒಳಗಿನಿಂದ ಗಾರೆಯನ್ನು ತಿಂದು, ಚಿತ್ರಗಳು ಅಲ್ಲಲ್ಲಿ ಹೊಟ್ಟೆ ಉಬ್ಬಿಸಿಕೊಂಡು ನಿಂತವು. ಪುರಸಭೆಯ ಕಡೆಯಿಂದ ಒಬ್ಬ ಇಂಜಿನಿಯರಮ್ಮ ಬಂದು ತಟ್ಟಿ ನೋಡಿ, ಎಲ್ಲವನ್ನೂ ಬಿಡಿಸಿ ಹೊಸ ಗಾರೆಯ ಮೇಲೆ ಮತ್ತೆ ಕೂರಿಸಬೇಕೆಂದಳು. ಒಳ್ಳೆಯ ಹುಡುಗಿ, ಕೇಳಿ ಮಾಡುವವಳು. “ಅಮ್ಮಾ, ಏನಾದ್ರೂ ಬದಲಾಯಿಸೋದಿದ್ರೆ ಈಗ್ಲೇ ಮಾಡಿಬಿಡಿ. ಒಮ್ಮೆ ಕೂರಿಸಿದ್ರೆ ನಮ್ಮ ಕಾಲದಲ್ಲಿ ಇದನ್ನ ಮತ್ತೆ ತೆಗೆಯಲ್ಲ,” ಎಂದಳು. ಚೂರಕ್ಕ ಮನೆಗೆ ಬಂದು ಅತ್ತೆ ಮಲಗುತ್ತಿದ್ದ ಮೂಲೆಯಲ್ಲಿ ಕೂತು, “ಬಂತು ಅತ್ತೆ, ಕಾಲ ಬಂತು,” ಎಂದಳು.

ಬಿಡಿಸುವ ರೀತಿ ಹೀಗೆ: ಚಿತ್ರದ ಮುಖಕ್ಕೆ ಬಟ್ಟೆ ಅಂಟಿಸಿ, ಹಿಂದಿನಿಂದ ಗರಗಸ ಹಾಕಿ ಗೋಡೆಯಿಂದ ಬೇರೆ ಮಾಡಿ, ಶೆಡ್ಡಿಗೆ ತಂದು ಮೇಜಿನ ಮೇಲೆ ಬೋರಲು ಮಲಗಿಸಬೇಕು. ಬೆನ್ನಿಗೆ ಹತ್ತಿದ ಹಳೆಯ ಗಾರೆಯನ್ನು ಉಳಿಯಿಂದ ಮೆಲ್ಲಮೆಲ್ಲಗೆ ಕೆರೆದು ತೆಗೆಯಬೇಕು. ಬಲೆಯವನ ಕೆಲಸವನ್ನು ಚೂರಕ್ಕ ಬೇರೆ ಯಾರಿಗೂ ಕೊಡಲಿಲ್ಲ. ಕೆಳಗಿನಿಂದ ಕೆರೆಯುತ್ತ ಬಂದಳು. ಮುಖದ ಜಾಗಕ್ಕೆ ಬಂದಾಗ ಮಾಡಿನ ಗಾಜಿನಿಂದ ಬಿಸಿಲು ನೆಟ್ಟಗೆ ಮೇಜಿನ ಮೇಲೆ ಬೀಳುತ್ತಿತ್ತು. ಗಾರೆಯ ಒಂದು ಹಕ್ಕಳೆ ಎದ್ದಿತು, ಇನ್ನೊಂದು ಎದ್ದಿತು. ಕುಂಚದಿಂದ ಧೂಳು ಸರಿಸಿ, ಒದ್ದೆ ಬಟ್ಟೆಯಿಂದ ಒರೆಸಿದಳು.

ಅವನಿದ್ದ.

ಗೋಡೆಯಲ್ಲಿ ಇಷ್ಟು ವರ್ಷ ನಿಂತ ದೂರದ ನೆಂಟನಲ್ಲ, ಅವನೇ. ಎಡಹುಬ್ಬು ತುಂಡಾದವನು, ಎಡಗಣ್ಣು ಕೊಂಚ ಇಳಿದವನು, ಇನ್ನೇನು ಸಿಳ್ಳೆ ಹಾಕುವವನು. ಕಲ್ಲಿನ ಬಣ್ಣ ಮೇಲೆ ಬಳಿದದ್ದಲ್ಲ, ಒಳಗೂ ಅದೇ ಬಣ್ಣ. ಆದ್ದರಿಂದ ಬೆನ್ನಿನ ಕಡೆಯ ಮುಖ ಬಿಸಿಲು ಮಳೆ ಕಾಣದೆ ಹೊಸದಾಗಿಯೇ ಉಳಿದಿತ್ತು. ಜನರೆಲ್ಲ ಆಚೆ ಬದಿಯನ್ನು ನೋಡುತ್ತಿದ್ದಾಗ ಅವನು ಈಚೆ ಬದಿಗೆ ಗಾರೆಯೊಳಗೆ ಮುಖ ಹುದುಗಿಸಿಕೊಂಡು ಇದ್ದ. ಚೂರಕ್ಕ ಉಳಿ ಕೆಳಗಿಟ್ಟಳು. ತಾನು ಮುದುಕಿಯಾದೆ, ಅವನಿಗೆ ವಯಸ್ಸಾಗಿಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು. ತಲೆಗೂದಲನ್ನು ಸೆರಗಿನಿಂದ ಮುಚ್ಚಿಕೊಂಡಳು. ಆ ಮಧ್ಯಾಹ್ನ ಅವಳು ಎದ್ದು ಎಲ್ಲಿಗೂ ಹೋಗಲಿಲ್ಲ.

ಸರಿ ಮಾಡುವುದು ಇಷ್ಟು ಸುಲಭ ಎಂದು ಅವಳಿಗೆ ಆಗಲೇ ತಿಳಿದದ್ದು. ಈ ಬದಿಗೆ ಬಟ್ಟೆ ಅಂಟಿಸಿ, ಮುಖದ ಸುತ್ತ ಬಿಡಿಸಿ, ದೋಸೆ ಮಗುಚಿದ ಹಾಗೆ ಮಗುಚಿ ಕೂರಿಸಿದರೆ ಮುಗಿಯಿತು. ಒಂದು ಚೂರೂ ಒಡೆಯಬೇಕಿಲ್ಲ, ಉಳಿ ಮುಟ್ಟಿಸಬೇಕಿಲ್ಲ. ಅತ್ತೆಗೆ ಕೊಟ್ಟ ಮಾತು ಉಳಿಯುತ್ತದೆ, ಅವನು ಅವನಾಗಿ ಊರಿಗೆ ಎದುರು ಕೂರುತ್ತಾನೆ. ಬಟ್ಟೆ ಕತ್ತರಿಸಿ ಅಂಟು ಕಾಯಿಸಲು ಇಟ್ಟಳು. ಹಾಗೇ ಮಾಡಿ ಮುಗಿಸಿದ್ದರೆ ಮಗಳಿಗೆ ಗೊತ್ತಾಗುತ್ತಿದ್ದುದು ಆಮೇಲೆ. ಆದರೆ ಇಷ್ಟು ವರ್ಷ ಬಚ್ಚಿಟ್ಟದ್ದು ಸಾಕು ಎನಿಸಿತು. ಮಗಳಿಗೆ ಹೇಳಿ ಕಳಿಸಿದಳು.

ಮಗಳು ಟಿಕೆಟ್ ಕಿಟಕಿ ಮುಚ್ಚಿ ಕೆಲಸದ ಬಟ್ಟೆಯಲ್ಲೇ ಬಂದಳು. ಚೂರಕ್ಕ ಅವಳನ್ನು ಮೇಜಿನ ಹತ್ತಿರ ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಚಕ್ಕೆ ಹಾರಿದ್ದು, ಎದುರು ಕೂತದ್ದು, ತಿರುಗಿಸಲು ಮರೆತದ್ದು, ಅತ್ತೆ ಎದ್ದು ಹೋದದ್ದು.

ಮಗಳು, “ಅಜ್ಜಿ ನನ್ ಜೊತೆ ಒಂದು ದಿನಾನೂ ಅಲ್ಲಿಗೆ ಬರ್ತಿರ್ಲಿಲ್ಲ. ಇದಕ್ಕೇನಾ? ನಾನಂದ್ರೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಅಪ್ಪ ಹೋದ್ಮೇಲೆ ನಾನು ಉಳಿದೆ ಅಂತ ಸಿಟ್ಟು ಅಂದ್ಕೊಂಡಿದ್ದೆ,” ಎಂದಳು.

“ಅಯ್ಯೋ ಕಂದಾ,” ಎಂದಳು ಚೂರಕ್ಕ. ಒಂದು ಮಾತು ನುಂಗಿದ್ದು ಎಲ್ಲೆಲ್ಲಿ ಹೋಗಿ ಚುಚ್ಚಿದೆ ಎಂದು ಅವಳಿಗೆ ಈಗ ತಿಳಿಯಿತು.

“ಈಗ ಸರಿ ಮಾಡ್ತೀನಿ,” ಎಂದಳು. “ನಾಳೆ ಮಗುಚಿ ಹಾಕ್ತೀನಿ. ನಿಮ್ಮಪ್ಪ ಹೆಂಗಿದ್ರೋ ಹಂಗೇ ಇರ್ತಾರೆ. ನೋಡು, ಇವರೇ.”

ಮಗಳು ಮೇಜಿನ ಮೇಲೆ ಬಾಗಿದಳು. ಮುಖದ ಈ ಕಡೆ ನಿಂತು ನೋಡಿದಳು, ಸುತ್ತಿ ಬಂದು ಆ ಕಡೆ ನಿಂತು ನೋಡಿದಳು. ನೋಡಬೇಕೆಂದೇ ನೋಡಿದಳು, ಸಿಗಲಿ ಎಂದು ಹುಡುಕಿದಳು. ಕೆನ್ನೆಯ ಮೇಲೆ ಕೈ ಇಟ್ಟು, ಸುಟ್ಟುಕೊಂಡವಳಂತೆ ಹಿಂದೆಳೆದುಕೊಂಡಳು.

“ಅಮ್ಮ, ನಂಗೆ ಇವರ ಗುರುತು ಹತ್ತಲ್ಲ,” ಎಂದಳು.

“ಅಭ್ಯಾಸ ಆಗುತ್ತೆ.”

“ನಿಂಗೆ ಅಭ್ಯಾಸ ಆಯ್ತಾ, ಗೋಡೆದು?” ಎಂದಳು ಮಗಳು. “ನಿಂಗೆ ಇವರು ಕೂತು ಮಾತಾಡಿದ ನೆನಪಿದೆ. ಅಜ್ಜಿಗೆ ಹೆತ್ತ ನೆನಪಿತ್ತು. ನಂಗೇನಿದೆ? ಜ್ವರ ಬಂದಾಗ ನಾನು ಹೋಗಿ ನಿಂತಿದ್ದು ಆ ಮುಖದ ಮುಂದೆ. ಮದುವೆ ದಿನ ಹೇಳ್ಬಂದಿದ್ದು ಅದಕ್ಕೆ. ತಪ್ಪೋ ಸರಿಯೋ, ನನ್ನ ಸಾಕಿದ ಅಪ್ಪ ಅದೇ. ಅವರನ್ನ ತೆಗೀಬೇಡಮ್ಮ. ಒಬ್ಬ ಅಪ್ಪನ್ನ ಕಡಲು ತಗೊಂಡು ಹೋಯ್ತು. ಇನ್ನೊಬ್ಬನ್ನ ನೀನು ತಗೋಬೇಡ.”

ಚೂರಕ್ಕನಿಗೆ ಸಿಟ್ಟು ಬಂತು. ಬಾರದೆ ಏನು? ಗಂಡನನ್ನು ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿದ ಪಾಪ ಅವಳದು, ಅಷ್ಟೂ ವರ್ಷ ನುಂಗಿದ ನೋವು ಅವಳದು, ಈಗ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದವಳು ಹೊಟ್ಟೆಯ ಮಗಳು. “ಅವರು ನನ್ನ ಗಂಡ,” ಎಂದಳು ಗಟ್ಟಿಯಾಗಿ. ಮಗಳು ಮುಸಿಮುಸಿ ಅಳುತ್ತ ನಿಂತಳು, ಚಿಕ್ಕಂದಿನಲ್ಲಿ ಕೈ ಎಟಕದೆ ಗೋಡೆಯ ಬುಡದಲ್ಲಿ ನಿಲ್ಲುತ್ತಿದ್ದ ಹಾಗೆ. ಅದನ್ನು ನೋಡಿದ ಮೇಲೆ ಚೂರಕ್ಕನ ಸಿಟ್ಟು ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಶೆಡ್ಡಿಗೆ ಒಬ್ಬಳೇ ಬಂದು ಬಾಗಿಲು ಮುಂದೆ ಮಾಡಿಕೊಂಡಳು. ಕತ್ತರಿಸಿಟ್ಟ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. “ಹೊಟ್ಟೆಗೆ ಹಾಕ್ಕೊಳ್ಳಿ ಅತ್ತೆ,” ಎಂದು ಬಾಯಿಬಿಟ್ಟೇ ಹೇಳಿದಳು. “ನಿಮಗೆ ಮಗ ಇದ್ದ, ನಂಗೆ ಗಂಡ ಇದ್ದ. ಅವಳಿಗೆ ಇರೋದು ಅದೊಂದೇ.” ಹೊಸ ಗಾರೆ ಕಲಸಿದಳು. ಚಿತ್ರವನ್ನು ಮಗುಚದೆ, ಇದ್ದ ಹಾಗೆಯೇ ಅದರ ಬೆನ್ನಿಗೆ ಬಲೆಯ ಕಡೆಯಿಂದ ಹಚ್ಚುತ್ತ ಬಂದಳು. ಬೆರಳುಗಳು ಮುಚ್ಚಿದವು, ತೋಳು, ಎದೆ, ಕತ್ತು. ಮುಖದ ಹತ್ತಿರ ಬಂದಾಗ ಕರಣೆಯನ್ನು ಕೆಳಗಿಟ್ಟಳು. ಒಂದು ಹಿಡಿ ಗಾರೆಯನ್ನು ಅಂಗೈಯಲ್ಲಿ ತೆಗೆದುಕೊಂಡು ಗದ್ದಕ್ಕೆ, ಬಾಯಿಗೆ, ಕೆನ್ನೆಗೆ ಕೈಯಿಂದಲೇ ಸವರಿದಳು. ಕೆಲಸಕ್ಕೆ ಬಂದ ಶೆಡ್ಡಿನವರು ಹೊರಗೆ ಬಾಗಿಲು ತಟ್ಟಿದರು, ಒಳಗಿನ ಸದ್ದು ಕೇಳಿ ಸುಮ್ಮನೆ ಹಿಂದಕ್ಕೆ ಹೋದರು. ಅವನು ಹೋದ ದಿನ ಅವಳು ಅತ್ತಿರಲಿಲ್ಲ. ಬುಟ್ಟಿ ಸಿಕ್ಕಿದೆ, ಅವನೂ ಸಿಗುತ್ತಾನೆ ಎಂದು ಕಾದಿದ್ದಳು. ಆಮೇಲೆ ಅಳಲು ಒಂದು ದಿನವೆಂದು ಬರಲೇ ಇಲ್ಲ. ಈಗ ಎರಡು ಕಣ್ಣುಗಳ ಮೇಲೂ ಗಾರೆ ಹಚ್ಚಿ ಮುಗಿಸಿ, ಗಂಡ ಸತ್ತ ಹೆಂಗಸು ಅಳುವ ಹಾಗೆ ಅತ್ತಳು.